ಹೊಸನಗರದ ಕರಿ ತುಡುವೆ, ಶಿಕಾರಿಪುರದ ಹಳದಿ ತುಡುವೆ: ಜಾತಿ ಒಂದೋ ಎರಡೋ?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಹನ್ನೆರಡು ಪೆಟ್ಟಿಗೆ ತುಡುವೆ ಜೇನು ಸಾಕಿದ್ದೇನೆ. ಎಲ್ಲವೂ ಮರದ ಪೊಟರೆ, ಕಲ್ಲುಸಂದಿಗಳಿಂದ ಹಿಡಿದು ತಂದು ಕೂರಿಸಿದವು. ಹುಳ ಕರ್ರಗಿದೆ. ಶಿಕಾರಿಪುರದ ಹತ್ತಿರ ನನ್ನ ಭಾವ ಹೊಲದ ಬದುವಿನಲ್ಲಿ ಸಾಕಿರುವ ತುಡುವೆ ಹಳದಿ, ಗಾತ್ರವೂ ತುಸು ಸಣ್ಣದು. ಇವೆರಡೂ ಒಂದೇ ಜಾತಿಯೇ? ನೆಲ, ಹವೆಗೆ ತಕ್ಕಂತೆ ಬಣ್ಣ ಬದಲಾಗುತ್ತದೆಯೇ? ಮಳೆಗಾಲಕ್ಕೆ ಮುಂಚೆ ಭಾವನಿಂದ ನಾಲ್ಕು ಪೆಟ್ಟಿಗೆ ತಂದರೆ ನಮ್ಮಲ್ಲಿ ನಿಲ್ಲುತ್ತವೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ತರಬೇಡಿ. ಮಳೆಗಾಲಕ್ಕೆ ಮುಂಚೆಯಂತೂ ಖಂಡಿತ ಬೇಡ. ಕಾರಣ ಆಮೇಲೆ ಹೇಳುತ್ತೇನೆ. ಮೊದಲೆರಡು ಪ್ರಶ್ನೆಗಳು ಕಂಡಷ್ಟು ಸಲೀಸಾಗಿಲ್ಲ. ಜೇನಿನ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರಲ್ಲೂ ಈ ವಿಷಯದಲ್ಲಿ ಜಗ್ಗಾಟ ಮುಗಿದಿಲ್ಲ.

ಅದಕ್ಕೂ ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ. ಭಾವನ ಪೆಟ್ಟಿಗೆಯಲ್ಲಿರುವುದು ತುಡುವೆಯೇ ಹೌದೇ? ಬಯಲು ಕಡೆ ಯುರೋಪಿನ ಮೆಲ್ಲಿಫೆರಾ ಜೇನು ಸಾಕುವವರೂ ಇದ್ದಾರೆ. ಅದು 1960ರ ದಶಕದಲ್ಲಿ ಹಿಮಾಚಲದಲ್ಲಿ ಬೇರೂರಿ ಅಲ್ಲಿಂದ ದೇಶಕ್ಕೆಲ್ಲ ಹರಡಿದ ಹುಳ, ಹಳದಿ ಪಟ್ಟೆ ಎದ್ದು ಕಾಣುತ್ತದೆ. ನೀವು ಗಾತ್ರ ಸಣ್ಣದು ಎಂದಿದ್ದೀರಿ. ಮೆಲ್ಲಿಫೆರಾ ತುಡುವೆಗಿಂತ ದೊಡ್ಡದು, ಹಾಗಾಗಿ ಅದಲ್ಲ ಅಂತಲೇ ನನ್ನ ಎಣಿಕೆ. ಆದರೂ ನೋಡಿಬಿಡುವುದು ಒಳ್ಳೆಯದು, ಏಕೆಂದರೆ ನಾನೇ ಒಮ್ಮೆ ದೂರದಿಂದ ನೋಡಿ ಹತ್ತು ಜನರೆದುರು 'ಹಳದಿ ತುಡುವೆ' ಎಂದು ಹೇಳಿ, ಮುಚ್ಚಳ ತೆಗೆದ ಮೇಲೆ ನಾಲಿಗೆ ಕಚ್ಚಿಕೊಂಡವನು. ಬಿಸಿಲೇರಿದ ಹೊತ್ತಿನಲ್ಲಿ ಪೆಟ್ಟಿಗೆಯ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುವ ಹುಳಗಳನ್ನು ಗಮನಿಸಿ. ತುಡುವೆ ಮುಖ ಹೊರಗೆ ಮಾಡಿ ನಿಂತು ಗಾಳಿ ಹಾಕುತ್ತದೆ, ಮೆಲ್ಲಿಫೆರಾ ಮುಖವನ್ನು ಬಾಗಿಲ ಕಡೆಗೇ ತಿರುಗಿಸಿಕೊಂಡಿರುತ್ತದೆ. ಗಂಡು ಹುಳದ ಕೋಶಗಳಿದ್ದರೆ ಮುಚ್ಚಳದ ನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತು ಇದೆಯೇ ನೋಡಿ. ಇದ್ದರೆ ತುಡುವೆ. ಮರದ ಅಂಟು ತಂದು ಸಂದಿಗೊಂದಿ ಮೆತ್ತುವ ಚಾಳಿಯೂ ತುಡುವೆಗಿಲ್ಲ.

ಅದು ತುಡುವೆಯೇ ಎಂದಿಟ್ಟುಕೊಂಡು ಮುಂದೆ ಹೋಗೋಣ.

ತುಡುವೆಯ ವಿಸ್ತಾರ ದೊಡ್ಡದು. ಅಫ್ಘಾನಿಸ್ತಾನದಿಂದ ಜಪಾನಿನವರೆಗೆ, ಹಿಮಾಲಯದ ತಪ್ಪಲಿನಿಂದ ಇಂಡೋನೇಷ್ಯಾದವರೆಗೆ ಇರುವುದನ್ನೆಲ್ಲ ಏಪಿಸ್ ಸೆರಾನಾ ಎಂಬ ಒಂದೇ ಹೆಸರಿನಡಿ ಸೇರಿಸಿದ್ದಾರೆ. ಆ ಹೆಸರು 1793ರದ್ದು, ಇಟ್ಟವನು ಫ್ಯಾಬ್ರಿಸಿಯಸ್ ಎಂಬ ಕೀಟವಿಜ್ಞಾನಿ. ಐದು ವರ್ಷದ ನಂತರ ಅವನೇ ಭಾರತದ ಹುಳಕ್ಕೆ ಏಪಿಸ್ ಇಂಡಿಕಾ ಎಂದು ಬೇರೆ ಹೆಸರು ಕೊಟ್ಟ. ನಮ್ಮ ತುಡುವೆ ಬೇರೆಯೋ ಒಂದೆಯೋ ಎಂಬ ಗೊಂದಲಕ್ಕೆ ಹೀಗೆ ಇನ್ನೂರು ವರ್ಷ ದಾಟಿದೆ. ನಂತರದವರು ಇಂಡಿಕಾವನ್ನು ಸೆರಾನಾದ ಒಳಗಿನ ಒಂದು ಉಪಜಾತಿಯಾಗಿ ಇಳಿಸಿದರು.

ಇಷ್ಟು ವಿಸ್ತಾರದಲ್ಲಿ ಹುಳ ಎಲ್ಲೆಡೆ ಒಂದೇ ಥರ ಇರಲು ಸಾಧ್ಯವಿಲ್ಲ. ಕಾಶ್ಮೀರದ ತುಡುವೆ ಮೆಲ್ಲಿಫೆರಾಕ್ಕೆ ಹತ್ತಿರ ಬರುವಷ್ಟು ದಪ್ಪ. ಅದು ಕಟ್ಟುವ ಕೋಶದ ಅಗಲ 4.9 ಮಿ.ಮೀ. ಆಸುಪಾಸು, ನಮ್ಮ ದಕ್ಷಿಣದ್ದು 4.3ರ ಸುಮಾರು. ಕಣ್ಣಿಗೆ ಕಾಣದ ಈ ಅರ್ಧ ಮಿಲಿಮೀಟರು ಕೆಲಸ ಕೆಡಿಸಬಲ್ಲದು. ಉತ್ತರದ ಅಳತೆಯ ಮೇಣದ ಹಾಳೆಯನ್ನು ಅಗ್ಗವೆಂದು ತರಿಸಿ ಚೌಕಟ್ಟಿಗೆ ಹಾಕಿದರೆ ನಮ್ಮ ಹುಳಗಳು ಅದರ ಮೇಲೆ ಸೊಟ್ಟಪಟ್ಟ ಎರಿ ಕಟ್ಟುತ್ತವೆ, ಇಲ್ಲವೇ ಹಾಳೆಯನ್ನೇ ಕೊರೆದು ಹಾಕುತ್ತವೆ. ಉತ್ತರಕ್ಕೆ ಹೋದಂತೆ, ಎತ್ತರಕ್ಕೆ ಏರಿದಂತೆ ತುಡುವೆಯ ಗಾತ್ರ ಹೆಚ್ಚುತ್ತದೆ, ಮೈ ಬಣ್ಣ ಕಪ್ಪಿನತ್ತ ವಾಲುತ್ತದೆ. ದಕ್ಷಿಣ ಭಾರತದ ಮಟ್ಟಿಗೆ ಹೇಳುವುದಾದರೆ ಜೇನು ಸಾಕುವವರು ಬಹಳ ಹಿಂದಿನಿಂದಲೂ ಎರಡು ಬಗೆ ಗುರುತಿಸಿದ್ದಾರೆ: ಗುಡ್ಡದ ಕಪ್ಪು, ಬಯಲಿನ ಹಳದಿ. ನೀವೂ ನಿಮ್ಮ ಭಾವನೂ ನೋಡುತ್ತಿರುವುದು ಇದನ್ನೇ.

ಇನ್ನು ವ್ಯತ್ಯಾಸ ಎಲ್ಲಿಂದ ಬಂತು ಎಂಬುದು. ಒಂದೇ ಜಾತಿ ಎರಡು ನೆಲೆಗಳಲ್ಲಿ ಬೇರೆ ಬೇರೆಯಾಗಿ ಕಂಡರೆ ಅದಕ್ಕೆ ಮೂರು ದಾರಿಗಳಿರುತ್ತವೆ, ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ.

ಮೊದಲನೆಯದು, ಹುಟ್ಟಿದ ಮೇಲೆ ಹವೆ ಮಾಡುವ ಬದಲಾವಣೆ. ಇದು ರಕ್ತದಲ್ಲಿ ಬಂದದ್ದಲ್ಲ. ಇದಕ್ಕೆ ಬಲವಾದ ಉದಾಹರಣೆ ತುಡುವೆಯಲ್ಲೇ ಇದೆ. ಜಪಾನಿನ ತುಡುವೆ ಬೇಸಿಗೆಯಲ್ಲಿ ತಿಳಿ ಬಣ್ಣ, ಚಳಿಯಲ್ಲಿ ಕಪ್ಪು. ತಾಯಿ ಅದೇ, ಗೂಡು ಅದೇ. ಮರಿ ಕೋಶದೊಳಗಿದ್ದಾಗ ತಗಲಿದ ಶಾಖವೇ ಇದಕ್ಕೆ ಕಾರಣ ಎಂದು ಅಲ್ಲಿನವರು 1989ರಲ್ಲಿ ತೋರಿಸಿದರು. ತಂಪಿನಲ್ಲಿ ಬೆಳೆಸಿದ ಮರಿ ಕಪ್ಪಾಗಿ ಹೊರಬಂತು. ಹುಳಗಳು ಗೂಡಿನ ನಡುವೆ 34–35 ಡಿಗ್ರಿ ಕಾಯ್ದುಕೊಳ್ಳುತ್ತವೆ ನಿಜ, ಆದರೆ ಅಂಚಿನ ಎರಿಗಳಿಗೆ ಅಷ್ಟು ಕಾವು ಸಿಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಮಳೆ, ಬೂಷ್ಟು ಹಿಡಿದ ನಿಮ್ಮ ತೋಟದ ನೆರಳಿನಲ್ಲಿ ಇಟ್ಟ ಪೆಟ್ಟಿಗೆಗೂ ಬಿಸಿಲಿಗೆ ಬಿದ್ದಿರುವ ಭಾವನ ಪೆಟ್ಟಿಗೆಗೂ ಇದೊಂದರಿಂದಲೇ ಸ್ವಲ್ಪ ವ್ಯತ್ಯಾಸ ಬರಬಹುದು.

ಎರಡನೆಯದು, ಆಯ್ಕೆ. ಹುಲಿಕಲ್, ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಶಿಕಾರಿಪುರಕ್ಕೆ ಅದರ ಏಳನೇ ಒಂದು ಪಾಲೂ ಕಷ್ಟ. ನಿಮ್ಮ ಕಡೆ ನೇರಳೆ, ಮತ್ತಿ, ಸೀಗೆ ಎಂದು ಕಾಡು ಹೂವಿನ ಸರದಿ ಬೇಸಿಗೆಯಲ್ಲಿ ಬಂದು ಹೋದ ಮೇಲೆ ಜೇನಿಗೆ ಮೂರು ನಾಲ್ಕು ತಿಂಗಳು ಉಪವಾಸ. ಹೊರಗೆ ಹೋಗಲು ಬಿಡುವೂ ಸಿಗದ ಮಳೆ. ಭಾವನ ಕಡೆ ಮಳೆಗಾಲದಲ್ಲೂ ಬಿಸಿಲು ಇಣುಕುತ್ತದೆ, ಮೆಕ್ಕೆಜೋಳದ ಪರಾಗ ಸಿಗುತ್ತದೆ, ಆಮೇಲೆ ಹುಚ್ಚೆಳ್ಳು, ಬೇಸಿಗೆಗೆ ಹೊಂಗೆ, ಬೇವು, ಹುಣಸೆ. ಆಷಾಢದಲ್ಲಿ ರಾಣಿ ಮೊಟ್ಟೆ ಕಡಿಮೆ ಮಾಡಿ, ಇದ್ದ ತುಪ್ಪವನ್ನು ಹಿಡಿಹಿಡಿಯಾಗಿ ಉಂಡ ಕುಟುಂಬ ನಿಮ್ಮಲ್ಲಿ ಉಳಿಯುತ್ತದೆ. ಹಾಗೆ ಬದುಕುಳಿದ ಕುಟುಂಬ ಪಾಲಾಗುತ್ತದೆ, ಅಂದರೆ ಒಡೆದು ಒಂದು ಹಿಂಡು ಹೊಸ ಗೂಡು ಹುಡುಕಿ ಹೊರಡುತ್ತದೆ, ಅದರ ಮಕ್ಕಳೇ ಮುಂದಿನ ವರ್ಷ ಪೊಟರೆ ತುಂಬುತ್ತವೆ. ಲೆಕ್ಕ ತಪ್ಪಿದ್ದು ಗೂಡು ಬಿಟ್ಟು ಓಡುತ್ತದೆ ಅಥವಾ ಸಾಯುತ್ತದೆ. ಹುಳ ತಾನಾಗಿ 'ಹೊಂದಿಕೊಂಡಿತು' ಎನ್ನುವುದು ನಮ್ಮ ಮಾತಿನ ರೂಢಿ ಅಷ್ಟೇ. ನಡೆಯುವುದು ಜರಡಿ ಹಿಡಿಯುವ ಕೆಲಸ.

ಈ ಜರಡಿ ಎಷ್ಟು ಬಿರುಸಾಗಿ ಆಡಬಲ್ಲದು ಎಂಬುದನ್ನು ನಿಮ್ಮ ಮನೆಯ ಹಿರಿಯರು ಕಂಡಿರುತ್ತಾರೆ. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ನುಗ್ಗಿ ಹೆಚ್ಚಿನ ತುಡುವೆ ಕುಟುಂಬಗಳನ್ನು ಅಳಿಸಿಹಾಕಿತು. ಕೊಡಗಿನಿಂದ ಉತ್ತರ ಕನ್ನಡದವರೆಗೆ ಅಟ್ಟದ ಮೇಲೆ ಖಾಲಿ ಪೆಟ್ಟಿಗೆ ಪೇರಿಸಿಟ್ಟ ಮನೆಗಳಿದ್ದವು. ಈಗ ನೀವು ಪೊಟರೆಯಿಂದ ಹಿಡಿಯುತ್ತಿರುವುದು ಅಂದು ಬದುಕುಳಿದವುಗಳ ಸಂತತಿ.

ಬಣ್ಣವೂ ಇಂಥ ಜರಡಿಯಲ್ಲಿ ಸೋಸಿ ಬಂದದ್ದೇ? ತೇವ ಹೆಚ್ಚಿದ್ದಲ್ಲಿ ಪ್ರಾಣಿಗಳ ಬಣ್ಣ ಗಾಢವಾಗುತ್ತದೆ ಎಂದು ಗ್ಲೋಗರ್ ಎಂಬಾತ ಹಕ್ಕಿಗಳನ್ನು ನೋಡಿ 1833ರಲ್ಲೇ ಬರೆದ. ಕರಿ ಮೈ ಚಳಿಯ ಬೆಳಗಿನಲ್ಲಿ ಬೇಗ ಕಾಯುತ್ತದೆ ಎನ್ನುವವರೂ ಇದ್ದಾರೆ. ಎರಡೂ ಕೇಳಲು ಚೆನ್ನಾಗಿವೆ. ಬಣ್ಣದ ಬಗ್ಗೆ ಚೆನ್ನಾಗಿ ಕೇಳುವ ಕಥೆಗಳನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಏಕೆಂದರೆ ಮೂರನೆಯ ದಾರಿಯೂ ಇದೆ: ಬರೀ ಆಕಸ್ಮಿಕ. ಸಣ್ಣ ಗುಂಪೊಂದು ಉಳಿದವುಗಳಿಂದ ಕಡಿದುಹೋದರೆ, ಯಾವ ಲಾಭವೂ ಇಲ್ಲದ ಗುಣ ಕೂಡ ಕೆಲವು ತಲೆಮಾರಿನಲ್ಲಿ ಎಲ್ಲೆಲ್ಲೂ ಹಬ್ಬಬಹುದು. ಊರಲ್ಲಿ ಹತ್ತೇ ಮನೆ ಉಳಿದು ಮದುವೆಯೆಲ್ಲ ಅಲ್ಲಲ್ಲೇ ನಡೆದರೆ ಮುತ್ತಜ್ಜನ ಮೂಗು ಎಲ್ಲರ ಮುಖದಲ್ಲೂ ಕಂಡ ಹಾಗೆ. ಒಡಿಶಾದ ಸಿಮ್ಲಿಪಾಲದಲ್ಲಿ ಪಟ್ಟೆಗಳು ದಪ್ಪವಾಗಿ ಕೂಡಿಕೊಂಡು ಮೈ ಕಪ್ಪಾಗಿ ಕಾಣುವ ಹುಲಿಗಳಿವೆಯಲ್ಲ, ಅವು ಹೀಗೆ ಹೆಚ್ಚಿದವು ಎಂದು 2021ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ತೋರಿಸಿದರು. ಒಂದೇ ಜೀನಿನ ಒಂದು ದೋಷ, ಸುತ್ತಲಿನ ಹುಲಿಗಳ ಸಂಪರ್ಕ ತಪ್ಪಿದ ಕಾಡು, ಅಷ್ಟೇ. ಪಶ್ಚಿಮಘಟ್ಟದ ತುದಿಯ ಶೋಲಾ ಕಾಡಿನ ಹಕ್ಕಿಗಳದ್ದೂ ಇಂಥದ್ದೇ ಕಥೆ, ಆದರೆ ಕಾಲ ಬಹಳ ಉದ್ದ. ಬಾಬಾಬುಡನ್‌ಗಿರಿಯಿಂದ ನೀಲಗಿರಿವರೆಗೆ ಇರುವ ನೀಲಿ ರಾಬಿನ್ ಹಕ್ಕಿಗೂ ಪಾಲಕ್ಕಾಡ್ ಕಣಿವೆಯ ಆಚೆಗಿನದಕ್ಕೂ ನಡುವೆ ಇರುವುದು ಹೆಚ್ಚೆಂದರೆ 40 ಕಿ.ಮೀ. ತಗ್ಗು ನೆಲ. ಬೆಟ್ಟದ ತಂಪು ಬಿಟ್ಟು ಕೆಳಗಿಳಿಯದ ಹಕ್ಕಿಗೆ ಅದು ಸಮುದ್ರವೇ ಸರಿ. ಒಂದೇ ಜಾತಿಯಾಗಿದ್ದದ್ದು ಈಗ ಎರಡು ಜಾತಿ. ಆನೆಗಳಲ್ಲೂ ಆ ಕಣಿವೆಯ ಆಚೀಚೆ ರಕ್ತದಲ್ಲಿ ಗುರುತಿಸುವಷ್ಟು ಅಂತರವಿದೆ.

ನಿಮಗೂ ಭಾವನಿಗೂ ನಡುವೆ ಅಂಥ ಕಣಿವೆ ಎಲ್ಲಿದೆ? ರಿಪ್ಪನ್‌ಪೇಟೆ, ಆನಂದಪುರ. ಕಾನು ಮುಗಿದು ಕುರುಚಲು, ಕುರುಚಲು ಮುಗಿದು ಹೊಲ. ಅಡಿಕೆ ತೋಟಗಳು ಈಗ ಶಿಕಾರಿಪುರದವರೆಗೂ ಹೋಗಿವೆ. ತುಡುವೆ ದಾಟಲಾರದಂಥದ್ದು ಏನೂ ಇಲ್ಲ. ಪಾಲಾದ ಹಿಂಡು ಕೆಲವು ಕಿ.ಮೀ. ಹೋಗುತ್ತದೆ, ರಾಣಿಯೂ ಗಂಡು ಹುಳಗಳೂ ಕೂಡುವುದು ಗೂಡಿನಿಂದಾಚೆ ಆಕಾಶದಲ್ಲಿ. ಒಂದು ರಾಣಿ ಹತ್ತಾರು ಗಂಡುಗಳನ್ನು ಕೂಡುತ್ತದೆ. ಹೀಗೆ ಬೆರಕೆ ನಡೆಯುತ್ತಲೇ ಇದ್ದರೆ ಕಪ್ಪು–ಹಳದಿ ನಡುವೆ ಗೆರೆ ಉಳಿಯಬಾರದು, ಮಬ್ಬಾಗಿ ಕರಗಬೇಕು. ಈ ಪ್ರಶ್ನೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇಲ್ಲೇ. ನಿಮ್ಮ ಹುಳ ಎಷ್ಟು ಕಪ್ಪು, ಭಾವನದು ಎಷ್ಟು ಹಳದಿ ಎಂದು ಎರಡು ತುದಿ ಅಳೆದು ಪ್ರಯೋಜನವಿಲ್ಲ. ನಡುದಾರಿಯಲ್ಲಿ ಏನಿದೆ? ರಿಪ್ಪನ್‌ಪೇಟೆಯಲ್ಲಿ ಮಾಸಲು ಕಪ್ಪು, ಆನಂದಪುರದಲ್ಲಿ ಕಂದು, ಮುಂದೆ ಹೋದಂತೆ ಹಳದಿ ಎಂದಿದ್ದರೆ ಅದು ಒಂದೇ ಜಾತಿ, ಹವೆಯ ಇಳಿಜಾರಿಗೆ ತಕ್ಕಂತೆ ಬಣ್ಣದ ಇಳಿಜಾರು. ಅದರ ಬದಲು ಒಂದೇ ಊರಿನಲ್ಲಿ ಅಚ್ಚ ಕಪ್ಪಿನ ಕುಟುಂಬವೂ ಅಚ್ಚ ಹಳದಿಯ ಕುಟುಂಬವೂ ಅಕ್ಕಪಕ್ಕ ಇದ್ದು, ನಡುವಿನ ಬಣ್ಣದ್ದು ಸಿಗದೇ ಹೋದರೆ ಕಥೆ ಬೇರೆಯಾಯಿತು. ಸಂಬಂಧ ಬೆಳೆಸುವ ಅವಕಾಶವಿದ್ದೂ ಅವು ಬೆಳೆಸುತ್ತಿಲ್ಲ ಎಂದಾಯಿತು.

ದಕ್ಷಿಣ ಭಾರತದ ತುಡುವೆ ಈ ಎರಡನೆಯ ಬಗೆ ಇರಬಹುದು ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪುರಾವೆ ಮುಂದಿಟ್ಟಿತು. ಅದರ ಪ್ರಕಾರ ಕಪ್ಪು ಮತ್ತು ಹಳದಿ ರೂಪಗಳ ನಡುವೆ ಕೂಡುವಿಕೆಗೆ ತಡೆ ಇದೆ. 2022ರಲ್ಲಿ ಕೇರಳದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದಿಟ್ಟು ಪಶ್ಚಿಮಘಟ್ಟದ ಕಪ್ಪು ಹುಳವನ್ನು ಏಪಿಸ್ ಕರಿಂಜೊಡಿಯನ್ ಎಂಬ ಹೊಸ ಜಾತಿಯೆಂದೇ ಹೆಸರಿಸಿದರು, ಬಯಲಿನದಕ್ಕೆ ಫ್ಯಾಬ್ರಿಸಿಯಸ್ಸನ ಹಳೆಯ ಇಂಡಿಕಾ ಹೆಸರನ್ನು ಮರಳಿಸಿದರು. ಅವರ ಲೆಕ್ಕದಲ್ಲಿ ನಿಮ್ಮ ಪೆಟ್ಟಿಗೆಯಲ್ಲಿರುವುದು ಒಂದು ಜಾತಿ, ಭಾವನದು ಇನ್ನೊಂದು. ಈ ವಿಂಗಡಣೆಗೆ ಅವರು ಮುಖ್ಯವಾಗಿ ಆಧರಿಸಿದ್ದು ರೆಕ್ಕೆಯ ನರಗಳ ಉದ್ದದ ಅನುಪಾತವನ್ನು. ಎಲ್ಲರೂ ಇದನ್ನು ಒಪ್ಪಿಲ್ಲ. ನಾನೂ ಇನ್ನೂ ಒಪ್ಪಿಲ್ಲ. ರೆಕ್ಕೆಯ ಅಳತೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಹೇಗೂ ಜಾರುತ್ತಾ ಹೋಗುವಂಥದ್ದು. ಅದರಲ್ಲಿ ಯಾವುದೋ ಒಂದು ಅಂಕಿಯ ಮೇಲೆ ಬೇಲಿ ಹಾಕಿದರೆ ಬೇಲಿ ನಮ್ಮದಾಗುತ್ತದೆ, ಹುಳದ್ದಲ್ಲ.

ಬಣ್ಣವನ್ನು ನೆಚ್ಚಿಕೊಂಡು ಜಾತಿ ಹೇಳುವುದು ಎಷ್ಟು ಅಪಾಯ ಎನ್ನುವುದಕ್ಕೆ ನಮ್ಮ ಕಾಡಿನ ಕರಿಚಿರತೆ ಸಾಕು. ಭದ್ರಾ, ದಾಂಡೇಲಿಯ ಕಡೆ ಅದನ್ನು ಬೇರೆಯೇ ಪ್ರಾಣಿ ಎಂದುಕೊಂಡವರು ಈಗಲೂ ಸಿಗುತ್ತಾರೆ. ಚುಕ್ಕೆಯ ಅಪ್ಪ ಅಮ್ಮನಿಗೇ ಕಪ್ಪು ಮರಿ ಹುಟ್ಟಬಹುದು. ತೇವದ ದಟ್ಟ ಕಾಡಿನಲ್ಲಿ ಅವು ಹೆಚ್ಚು, ಬಯಲು ಕುರುಚಲಿನಲ್ಲಿ ಅಪರೂಪ. ನೆಲೆಯಿಂದ ನೆಲೆಗೆ ಇಷ್ಟು ಬೇರೆಯಾಗಿ ಕಂಡರೂ ಜಾತಿ ಒಂದೇ.

ಹಾಗಾದರೆ ಜೇನಿನಲ್ಲಿ ಜಾತಿಯ ಗೆರೆಯನ್ನು ಯಾವುದು ತೋರಿಸುತ್ತದೆ? ಕೂಡುವ ಹೊತ್ತು, ಕೂಡಿದ ಮೇಲೆ ಮರಿಯಾಗುತ್ತದೆಯೇ ಎಂಬುದು. ತುಡುವೆಗೂ ಮೆಲ್ಲಿಫೆರಾಕ್ಕೂ ಬೆರಕೆ ಮಾಡಿಸಿ ನೋಡಿದ್ದಾರೆ, ಮೊಟ್ಟೆ ಮರಿಯಾಗುವ ಮೊದಲೇ ಸಾಯುತ್ತದೆ. ಅಲ್ಲಿ ಗೆರೆ ಸ್ಪಷ್ಟ. ಬೋರ್ನಿಯೋ ದ್ವೀಪದಲ್ಲಿ ನಾಲ್ಕೈದು ಜಾತಿಯ ಜೇನುಗಳು ಒಂದೇ ಕಾಡಿನಲ್ಲಿವೆ. ಅವು ಗಡಿಯಾರ ಹಂಚಿಕೊಂಡಂತೆ ಬದುಕುತ್ತವೆ: ಒಂದರ ಗಂಡು ಹುಳ ನಡುಮಧ್ಯಾಹ್ನ ಹೊರಟರೆ, ತುಡುವೆಯದು ಎರಡು ಗಂಟೆಯ ಮೇಲೆ, ಮತ್ತೊಂದರದ್ದು ಸಂಜೆ, ಹೆಜ್ಜೇನಿನದು ಮುಸ್ಸಂಜೆ. ಹೊತ್ತು ಬೇರೆಯಾದರೆ ಸಾಕು, ಬೇಲಿ ಬೇಕಿಲ್ಲ.

ಈಗ ನಿಮ್ಮ 'ಹವೆಗೆ ಬಣ್ಣ ಬದಲಾಗುತ್ತದೆಯೇ' ಎಂಬ ಪ್ರಶ್ನೆ. ಇದನ್ನು ಒಂದು ಪೆಟ್ಟಿಗೆಯಿಂದಲೇ ಪರೀಕ್ಷಿಸಬಹುದು. ನಾಲ್ಕು ಬೇಡ, ಭಾವನಿಂದ ಒಂದೇ ಒಂದು ಕುಟುಂಬ ತನ್ನಿ, ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ. ತರುವ ಮೊದಲು ಮರಿ ಎರಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಳ ಹರಿದ ಕೋಶದಲ್ಲಿ ಮರಿ ತಲೆ ಮೇಲೆತ್ತಿ ದೋಣಿಯಂತೆ ಬಾಗಿ ಸತ್ತಿದ್ದರೆ ಅದು ಸ್ಯಾಕ್ ಬ್ರೂಡ್, ಮುಟ್ಟಲೇಬೇಡಿ. ಸರಿಯಿದ್ದರೆ ರಾಣಿಯ ಬೆನ್ನಿಗೆ ಸಣ್ಣದೊಂದು ಬಣ್ಣದ ಚುಕ್ಕೆ ಇಡಿ, ಸಾಗಿಸಿ ತಂದು ನಿಮ್ಮ ಪೆಟ್ಟಿಗೆಗಳಿಂದ ದೂರದಲ್ಲಿ ಇಡಿ, ಬಾಗಿಲಿಗೆ ರಾಣಿ ಗೇಟು (ಕೆಲಸದ ಹುಳ ದಾಟಬಲ್ಲ, ರಾಣಿ ದಾಟಲಾರದ ಸಂದಿಯ ತಡೆ) ಹಾಕಿ. ರಾಣಿ ಶಿಕಾರಿಪುರದಲ್ಲಿ ಕೂಡಿಸಿಕೊಂಡ ಬೀಜವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ, ಹಾಗಾಗಿ ನಿಮ್ಮ ತೋಟದಲ್ಲಿ ಹುಟ್ಟುವ ಕೆಲಸದ ಹುಳಗಳಿಗೆ ಅಪ್ಪನೂ ಶಿಕಾರಿಪುರದವನೇ, ಅಮ್ಮನೂ ಅಲ್ಲಿಯವಳೇ. ಹವೆ ಮಾತ್ರ ನಿಮ್ಮದು. ಮೊಟ್ಟೆಯಿಂದ ಹುಳವಾಗಲು ಮೂರು ವಾರಕ್ಕೆ ತುಸು ಕಡಿಮೆ, ಕೆಲಸದ ಹುಳದ ಆಯಸ್ಸು ಐದಾರು ವಾರ. ಎರಡೂವರೆ ತಿಂಗಳು ಕಳೆದರೆ ಭಾವನ ಮನೆಯಲ್ಲಿ ಹುಟ್ಟಿದ ಹುಳ ಒಂದೂ ಉಳಿದಿರುವುದಿಲ್ಲ. ಚುಕ್ಕೆಯ ರಾಣಿ ಇನ್ನೂ ಇದ್ದು, ಹುಳಗಳು ಮೊದಲಿನಷ್ಟೇ ಹಳದಿ ಇದ್ದರೆ ಬಣ್ಣ ರಕ್ತದಲ್ಲಿದೆ. ಕಪ್ಪಾಗಿದ್ದರೆ ನಿಮ್ಮ ಹವೆಯ ಕೈವಾಡ. ಹೋಲಿಸುವಾಗ ಹೊರಗೆ ಹೋಗಿ ಬರುವ ಹುಳವನ್ನೇ ನೋಡಿ. ಈಗಷ್ಟೇ ಕೋಶದಿಂದ ಹೊರಬಂದದ್ದು ಯಾವ ಜಾತಿಯಲ್ಲೂ ಬಿಳಿಚಾಗಿರುತ್ತದೆ, ಮುದಿಯಾದದ್ದು ರೋಮ ಉದುರಿ ಕರ್ರಗೆ ಮಿರುಗುತ್ತದೆ.

'ಬಯಲಿಂದ ತಂದ ಹಳದಿ ಜೇನು ಎರಡು ವರ್ಷಕ್ಕೆ ನಮ್ಮ ಥರಾನೇ ಆಯ್ತು' ಎಂದು ಸಾಗರ, ತೀರ್ಥಹಳ್ಳಿ ಕಡೆ ಹೇಳುವವರು ನನಗೆ ಸಿಕ್ಕಿದ್ದಾರೆ. ಅವರ ಕಣ್ಣು ಸುಳ್ಳಲ್ಲ, ಕಾರಣ ಮಾತ್ರ ಬೇರೆ ಇರಬಹುದು. ಎರಡು ವರ್ಷದಲ್ಲಿ ಹಳೆ ರಾಣಿ ಹೋಗಿ ಹೊಸದು ಹುಟ್ಟಿರುತ್ತದೆ, ಅದು ಊರಿನ ಕರಿ ಗಂಡುಗಳನ್ನು ಕೂಡಿರುತ್ತದೆ. ಇಲ್ಲವೇ ಹಳದಿ ಕುಟುಂಬ ಯಾವಾಗಲೋ ಓಡಿಹೋಗಿ, ಖಾಲಿ ಪೆಟ್ಟಿಗೆಗೆ ಕಾಡಿನ ಹಿಂಡು ಬಂದು ಕೂತಿರುತ್ತದೆ. ಚುಕ್ಕೆ ಇಡಲು ಹೇಳಿದ್ದು ಇದಕ್ಕೇ. ಒಂದೇ ಪೆಟ್ಟಿಗೆಯಲ್ಲಿ ಕರಿ ಹುಳವೂ ಹಳದಿ ಹುಳವೂ ಒಟ್ಟಿಗೆ ಕಂಡರೆ ಅದನ್ನೂ ಬರೆದಿಟ್ಟುಕೊಳ್ಳಿ. ತಾಯಿ ಒಂದೇ, ತಂದೆಯರು ಬೇರೆ ಬೇರೆ ಎಂದರ್ಥ. ಅದು ಬೆರಕೆ ನಡೆದಿದೆ ಎನ್ನುವುದಕ್ಕೆ ರೆಕ್ಕೆಯ ಅಳತೆಗಿಂತ ಗಟ್ಟಿ ಸಾಕ್ಷಿ.

ನಾಲ್ಕು ಪೆಟ್ಟಿಗೆ ತರಬೇಡಿ ಎಂದದ್ದರ ಕಾರಣ ಇಷ್ಟರಲ್ಲಿ ನಿಮಗೆ ಹೊಳೆದಿರಬಹುದು. ಮೇ ತಿಂಗಳಲ್ಲಿ ತಂದ ಬಯಲಿನ ಕುಟುಂಬ ನಿಮ್ಮ ಜೂನ್ ಮಳೆಗೆ ಸಿಕ್ಕಿದರೆ, ಮಳೆಗಾಲದ ಉಪವಾಸದ ಲೆಕ್ಕ ಅದಕ್ಕೆ ಗೊತ್ತಿಲ್ಲ. ರಾಣಿ ಮೊಟ್ಟೆ ಇಡುತ್ತಲೇ ಇರುತ್ತದೆ, ಮರಿಗಳಿಗೆ ಉಣಿಸಲು ಪರಾಗವಿಲ್ಲ, ಮೇಣದ ಚಿಟ್ಟೆ ನುಗ್ಗುತ್ತದೆ, ಒಂದು ಬಿಸಿಲು ಬಿದ್ದ ದಿನ ಪೆಟ್ಟಿಗೆ ಖಾಲಿ. ಸಕ್ಕರೆ ಪಾಕ ಕೊಟ್ಟು ಉಳಿಸಬಹುದು, ಆದರೆ ನಾಲ್ಕು ತಿಂಗಳ ಸಕ್ಕರೆಯ ಖರ್ಚಿಗೆ ಬರುವ ತುಪ್ಪ ಸಾಟಿಯಾಗದು. ಅವು ಉಳಿದರೂ ತೊಂದರೆ ತಪ್ಪದು: ಮುಂದಿನ ಫೆಬ್ರವರಿಯಲ್ಲಿ ಅವುಗಳ ಗಂಡು ಹುಳ ನಿಮ್ಮೂರಿನ ಆಕಾಶಕ್ಕೆ ಏರುತ್ತವೆ. ಮಳೆಯ ಜರಡಿಯಲ್ಲಿ ಸೋಸಿ ಬಂದ ನಿಮ್ಮ ಹುಳದ ರಕ್ತಕ್ಕೆ ಬಯಲಿನದನ್ನು ಸುರಿಯುವ ಅಗತ್ಯವೇನು? ಕುಟುಂಬ ಹೆಚ್ಚಬೇಕಿದ್ದರೆ ನಿಮ್ಮ ಹನ್ನೆರಡರಲ್ಲಿ ಕಳೆದ ಮಳೆಗಾಲವನ್ನು ಪಾಕವಿಲ್ಲದೆ ಕಳೆದದ್ದು ಯಾವುದೋ ಅದರಿಂದಲೇ ಪಾಲು ಮಾಡಿ.

ಜಾತಿ ಪ್ರಶ್ನೆಗೆ ನೀವಿಬ್ಬರೂ ಸೇರಿ ಒಂದು ಕೆಲಸ ಮಾಡಬಹುದು, ಖರ್ಚಿಲ್ಲದ್ದು. ಫೆಬ್ರವರಿ–ಮಾರ್ಚ್‌ನಲ್ಲಿ ಗಂಡು ಹುಳ ತುಂಬಿರುವಾಗ, ಮೋಡವಿಲ್ಲದ ಒಂದೇ ದಿನ ಗೊತ್ತು ಮಾಡಿಕೊಂಡು, ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ನೀವು ನಿಮ್ಮ ಪೆಟ್ಟಿಗೆ ಮುಂದೆ ಕೂರಿ, ಅವರು ಅವರ ಪೆಟ್ಟಿಗೆ ಮುಂದೆ. ದಪ್ಪ ಕಣ್ಣಿನ, ಗುಂಯ್ ಎಂದು ಜೋರು ಸದ್ದು ಮಾಡುವ ಗಂಡು ಹುಳ ಮೊದಲು ಹೊರಟದ್ದೆಷ್ಟು ಹೊತ್ತಿಗೆ, ಜಾತ್ರೆಯಂತೆ ನುಗ್ಗಿದ್ದೆಷ್ಟು ಹೊತ್ತಿಗೆ, ನಿಂತದ್ದೆಷ್ಟಕ್ಕೆ ಎಂದು ಹದಿನೈದು ನಿಮಿಷಕ್ಕೊಮ್ಮೆ ಎಣಿಸಿ ಬರೆಯಿರಿ. ನಾಲ್ಕೈದು ದಿನ ಹೀಗೆ ಮಾಡಿ. ಒಂದೇ ಹೊತ್ತು ಬಂದರೆ ಅವು ಕೂಡಲು ಅಡ್ಡಿಯಿಲ್ಲ. ಒಂದು ಗಂಟೆಗೂ ಮೀರಿದ ಅಂತರ ದಿನವೂ ಬಂದರೆ, ಆ ಪಟ್ಟಿಯ ಜೊತೆಗೆ ಎರಡೂ ಕಡೆಯ ಮೂವತ್ತು ಮೂವತ್ತು ಕೆಲಸದ ಹುಳಗಳನ್ನು ಸ್ಪಿರಿಟ್‌ನಲ್ಲಿ ಹಾಕಿ, ಊರು, ತಾರೀಕು ಬರೆದ ಚೀಟಿ ಅಂಟಿಸಿ ಆನಂದಪುರ ಬಳಿಯ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರಿಗೆ ಮುಟ್ಟಿಸಿ, ನನಗೂ ಒಂದು ಪ್ರತಿ ಕಳಿಸಿ. ಕೂರುವ ಮೊದಲು ಫೋನಿನಲ್ಲಿ ಮಾತಾಡಿ ಇಬ್ಬರ ಗಡಿಯಾರವನ್ನೂ ಒಂದೇ ಮಾಡಿಕೊಳ್ಳುವುದು ಮರೆಯಬೇಡಿ.